ವಾಂತಿಯಾಗದ ಆಪರೇಷನ್

“ಇವ್ರು ಒಟ್ಟೆ ಕುಯ್ದೇ ಇಲ್ಲ ಕಣೇ! ಕುಯ್ದಿದ್ರೆ ಇಷ್ಟೊತ್ಗೆ ನಾನು ವಾಂತಿ ಮಾಡ್ಕೊಂಡು ಸಾಯ್ತಿರ್ಲಿಲ್ವಾ? ಕರೀ ಡಾಕ್ಟ್ರನ್ನ!”

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ಕಣ್ಣು ಬಿಟ್ಟ ನಮ್ಮತ್ತೆಯ ಮೊದಲ ಮಾತಿದು. ಹಿಂದೆ ಗರ್ಭಕೋಶ ತೆಗೆಸಿದಾಗ ಬಿಡದೆ ವಾಂತಿ ಮಾಡಿ, ಪ್ರತಿ ಸಲವೂ ಹೊಲಿಗೆ ಕಿತ್ತು ಬರುವಷ್ಟು ನೋವು ತಿಂದವರು. ಆ ಭಯಕ್ಕೇ ಈ ಕಲ್ಲನ್ನು ವರ್ಷಗಟ್ಟಲೆ ಸಾಕಿಕೊಂಡಿದ್ದರು. ನಾನೂ ಹಸುವಿಗೆ ಬೂಸಾ ಕಲಸುವ ಬಕೆಟ್ಟನ್ನು ತೊಳೆದು ತಂದು ಮಂಚದ ಕೆಳಗಿಟ್ಟು ಕಾಯುತ್ತಿದ್ದೆ.

ಅರಿವಳಿಕೆ ಕೊಟ್ಟ ಡಾಕ್ಟರಮ್ಮ ಬಂದು ನಕ್ಕರು. ಆಪರೇಷನ್ನಿಗೆ ಮುಂಚೆ ಅವರು ಅತ್ತೆಯನ್ನು ಬಸ್ಸಲ್ಲಿ ಹೋದರೆ ವಾಂತಿ ಬರುತ್ತದಾ ಎಂದು ಕೇಳಿದಾಗ, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಮೂತಿ ತಿರುವಿದ್ದೆ. ಅಂಥವರಿಗೇ ಆಪರೇಷನ್ ಆದ ಮೇಲೂ ವಾಂತಿ ಜಾಸ್ತಿಯಂತೆ. ಅದಕ್ಕೇ ಅತ್ತೆಗೆ ವಾಂತಿ ತರಿಸುವ ಅರಿವಳಿಕೆ ಗ್ಯಾಸ್ ಕೊಡದೆ ಬರೀ ಇಂಜೆಕ್ಷನ್ನಿನಲ್ಲಿ ಮಲಗಿಸಿ, ಏಳುವ ಮುಂಚೆಯೇ ವಾಂತಿಗೂ ನೋವಿಗೂ ಮದ್ದು ಕೊಟ್ಟಿದ್ದರು. ಅಷ್ಟು ಹೇಳಿದರೂ ಅತ್ತೆ ನಂಬಿದ್ದು ಹೊಟ್ಟೆಯಿಂದ ತೆಗೆದು ಡಬ್ಬಿಯಲ್ಲಿಟ್ಟಿದ್ದ ಕಲ್ಲುಗಳನ್ನು ಅಲ್ಲಾಡಿಸಿ ನೋಡಿದ ಮೇಲೆಯೇ.

ವಾರದ ಮೇಲೆ ಮತ್ತೆ ಆಸ್ಪತ್ರೆಗೆ ಹೋಗಿ ಹೊಲಿಗೆ ಬಿಚ್ಚಿಸಿಕೊಂಡು ಕೆಜಿಎಫ್‌ನಿಂದ ಬಂಗಾರಪೇಟೆಗೆ ಬರುವಾಗ, ಬಸ್ಸು ಊರಿಗಾಂ ದಾಟುವಷ್ಟರಲ್ಲಿ ಅತ್ತೆ ನನ್ನ ಹೊಸ ಸೀರೆಯ ಮೇಲೆ ಧಾರಾಳವಾಗಿ ಕಕ್ಕಿದರು. ಬಕೆಟ್ಟು ಮನೆಯಲ್ಲಿತ್ತು.

ಈಗ ಡೈರಿಗೆ ಹಾಲು ಹಾಕಲು ಬಂದವರು ಯಾರೇ ಆಪರೇಷನ್ ಅಂದರೂ ಅತ್ತೆಯದು ಒಂದೇ ಮಾತು: “ಬಸ್ಸಲ್ಲಿ ಕಕ್ತೀಯಾ? ಮೊದ್ಲೇ ಡಾಕ್ಟ್ರಿಗೆ ಯೋಳು.” ನಾನಂತೂ ಬಸ್ಸಿನಲ್ಲಿ ಅವರ ಪಕ್ಕ ಕೂರುವುದನ್ನೇ ಬಿಟ್ಟಿದ್ದೇನೆ.