ಮಾದಪ್ಪ ಕೊಟ್ಟ ಎಡಗಾಲು

ಶರಣು ಬಂಧುಗಳೇ. ನಾನು ಚಾಮರಾಜನಗರ ತಾಲ್ಲೂಕಿನ ಹರವೆಯವನು, ಫುಟ್‌ಬಾಲ್ ಆಡಿಯೇ ಅನ್ನ ತಿನ್ನುವವನು. ಮೈದಾನದ ಎಡ ಅಂಚಿನಲ್ಲಿ ಓಡುವ ವಿಂಗರ್. ಎರಡು ವರ್ಷದ ಹಿಂದೆ ಅಭ್ಯಾಸದಲ್ಲಿ ಎಡಮೊಣಕಾಲಿನ ಲಿಗಮೆಂಟ್ ಹರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಮಲಗಿದ್ದಾಗ ನಮ್ಮ ಕ್ಲಬ್ಬಿನ ಕೋಚ್ ಬಂದ. ವರ್ಷಗಟ್ಟಲೆ ಆತನಿಗಾಗಿ ಉಸಿರು ಕಟ್ಟಿ ಓಡಿದ್ದೆ. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಈ ಕಾಲು ಮುಗೀತು. ಊರಿಗೆ ಹೋಗಿ ಅರಿಶಿನ ಬೆಳ್ಕೋ" ಎಂದ. ಪಕ್ಕದಲ್ಲಿ ನಮ್ಮವ್ವ ನಿಂತಿದ್ದಳು. ಅವಳೆದುರಿಗೇ ಅಂದನಲ್ಲ, ಆ ಸಿಟ್ಟು ಇಳಿಯಲೇ ಇಲ್ಲ.

ಕೋಲೂರಿಕೊಂಡು ಅವ್ವನ ಜೊತೆ ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೆ ಹೋದೆ. ತಿರುವುಗಳುದ್ದಕ್ಕೂ ಕಾಲು ಚಾಚಲು ಜಾಗವಿಲ್ಲದೆ ನರಳಿದೆ. ದೇವರ ಮುಂದೆ ಮುಡಿ ಹರಕೆ ಹೊತ್ತೆ: ಆ ಕೋಚ್‌ನ ಎರಡು ಕಾಲೂ ಮುರಿಯಲಿ, ಅಲ್ಲಿಯವರೆಗೆ ತಲೆಗೆ ಕತ್ತರಿ ತಾಗಿಸುವುದಿಲ್ಲ. ಗಟ್ಟಿಯಾಗಿಯೇ ಅಂದುಬಿಟ್ಟೆನೇನೋ, ಅವ್ವ ರಟ್ಟೆ ಹಿಡಿದು ಜಗ್ಗಿದಳು.

"ಅಂಗೆಲ್ಲ ಕೇಳ್ಬ್ಯಾಡ ಕಣ್ಲಾ ಮಗ. ಮಾದಪ್ಪ ಕೇಡ್ಗೆ ಕಿವಿ ಕೊಡಕಿಲ್ಲ. ಅವ್ನ್ ಕಾಲ್ ಕಟ್ಕೊಂಡು ಏನ್ ಮಾಡೀಯೆ? ನಿನ್ ಕಾಲ್ ಕೇಳು."

"ನನ್ ಸಿಟ್ಟು?"

"ಅದ್ನೂ ಅವನ್ ಪಾದಕ್ಕೇ ಆಕ್ಬುಡು."

ಕಾಲು ಕೇಳಿದೆ. ಸಿಟ್ಟನ್ನು ಮಾತ್ರ ಹಾಕಲಿಲ್ಲ. ಆ ಕೋಚ್‌ನ ಕಣ್ಣೆದುರಿಗೇ ಓಡಿ ಗೆಲ್ಲಬೇಕು, ಆಮೇಲೆ ಮುಡಿ ಕೊಡುತ್ತೇನೆ ಎಂದು ಹರಕೆ ಬದಲಿಸಿದೆ.

ಹೊಲದ ಬದುವಿನ ಮೇಲೆ ನಡೆದು ನಡೆದು ಮೊಣಕಾಲು ಊದುತ್ತಿತ್ತು. ಬಚ್ಚಲಲ್ಲಿ ಕೂತು ಅತ್ತಿದ್ದೇನೆ. ಯಾವ ಕ್ಲಬ್ಬೂ ನನ್ನ ಫೋನ್ ಎತ್ತಲಿಲ್ಲ. ಮಾದಪ್ಪನೂ ಕೈಬಿಟ್ಟನೆಂದುಕೊಂಡೆ. ಹಾಗಿರುವಾಗ ಒಂದು ದಿನ ಟೊಮೆಟೊ ಹಾಕಲು ಗುಂಡ್ಲುಪೇಟೆ ಮಾರುಕಟ್ಟೆಗೆ ಹೋದೆ. ಕೇರಳದ ಲಾರಿಯವರು ಖಾಲಿ ಜಾಗದಲ್ಲಿ ಚೆಂಡಾಡುತ್ತಿದ್ದರು. ನನ್ನ ಕಡೆ ಉರುಳಿ ಬಂದ ಚೆಂಡನ್ನು ಯೋಚಿಸದೆ ಎಡಗಾಲಲ್ಲೇ ಒದ್ದೆ. ನೋವಾಗಲಿಲ್ಲ! ಹಮೀದ್ ಎಂಬ ತರಕಾರಿ ವ್ಯಾಪಾರಿ ಓಡಿ ಬಂದರು.

"ನಮ್ಮ ಬತ್ತೇರಿ ಟೀಮಿಗೆ ಇಂಥ ಕಾಲೇ ಬೇಕು. ನಾಳೆ ಬಾ ಮೋನೇ" ಎಂದು ಮಗನನ್ನು ಕರೆದಂತೆ ಕರೆದರು. ಅವರ ರೂಪದಲ್ಲಿ ಬಂದವನು ಮಾದಪ್ಪನೇ.

ಗಡಿಯಾಚೆ ಬತ್ತೇರಿಯಲ್ಲಿ ಏಳೇಳು ಜನರ ಪಂದ್ಯಗಳನ್ನಾಡಿದೆ. ಅದನ್ನು ನೋಡಿ ಕೇರಳದ ಕ್ಲಬ್ಬೊಂದು ಕರೆಯಿತು. ಈ ಸೀಸನ್ನಿನಲ್ಲಿ ಹಳೆಯ ಕ್ಲಬ್ಬೇ ನಮಗೆ ಎದುರಾಯಿತು. ದ್ವಿತೀಯಾರ್ಧದಲ್ಲಿ ತಂಡಗಳು ಬದಿ ಬದಲಿಸಿದಾಗ ನಾನು ಓಡುವ ಅಂಚು ಆ ಕೋಚ್ ನಿಂತಿದ್ದ ಕಡೆಗೇ ಬಂತು. ಭುಜಕ್ಕಿಳಿದ ಕೂದಲು ಬಿಗಿದು ಕಟ್ಟಿ, ಆತನ ಮೂಗಿನಡಿಯಲ್ಲೇ ಮತ್ತೆ ಮತ್ತೆ ಓಡಿದೆ. "ಅವನನ್ನ ಹಿಡೀರೋ!" ಎಂದು ಗಂಟಲು ಹರಿದುಕೊಂಡ. ಹಿಡಿಯುವವರು ಯಾರು? ನಾನು ಕೊಟ್ಟ ಪಾಸಿಗೆ ಗೋಲು ಬಿತ್ತು, ಗೆದ್ದೆವು. ಆಟ ಮುಗಿದ ಮೇಲೆ ಕೈ ಚಾಚಿಕೊಂಡು ಬಂದ. ನಾನು ಬಗ್ಗಿ ಬೂಟಿನ ಲೇಸ್ ಬಿಚ್ಚುತ್ತ ಕೂತೆ. ಎಷ್ಟು ಹಾಯೆನಿಸಿತು!

ಮರುವಾರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟೆ. ಬೋಳು ತಲೆಯಲ್ಲಿ ಕೈ ಮುಗಿದು ನಿಂತಾಗ ಕಣ್ಣು ತುಂಬಿ ಬಂತು.

"ಈಗ್ಲಾದ್ರೂ ಅವನ್ಗೂ ಒಸಿ ಒಳ್ಳೇದ್ ಕೇಳ್ಕಳ್ಲಾ" ಎಂದಳು ಅವ್ವ.

ಮನಸಾರೆ ಕೇಳಿಕೊಂಡೆ. ತಂದೆ, ಆತನಿಗೆ ನೂರು ವರ್ಷ ಆಯುಸ್ಸು ಕೊಡು, ಕಣ್ಣು ಚೆನ್ನಾಗಿಡು, ನಾನು ಆಡುವ ಒಂದೊಂದು ಆಟವನ್ನೂ ಆತ ನೋಡುವಂತಾಗಲಿ. ನನ್ನ ತಂದೆ ಇದನ್ನೂ ನಡೆಸಿಕೊಡುತ್ತಾನೆ. ಉಘೇ ಮಾದಪ್ಪ!