ಗೌರಿಗೆ ಬರುತ್ತಿದ್ದ ಸಂಕೇತಿ

ಮನೆಗೆ ಫೋನು ಇನ್ನೂ ಬಂದಿರದ, ಬಾಗಿಲಲ್ಲೇ ನಿಂತು ಎದುರು ಮನೆಯವರನ್ನು ಕೂಗಿ ಕರೆಯುತ್ತಿದ್ದ ಆ ಕಾಲದಲ್ಲಿ ನಮ್ಮ ರುದ್ರಪಟ್ಟಣದಲ್ಲಿ ಎರಡು ಭಾಷೆ ಕೇಳಿಸುತ್ತಿತ್ತು. ನಮ್ಮಂಥ ಒಕ್ಕಲು ಮನೆಗಳಲ್ಲಿ ಕನ್ನಡ. ದೇವಸ್ಥಾನದ ಬೀದಿಯ ಮನೆಗಳೊಳಗೆ ಸಂಕೇತಿ. ತಮಿಳಿನಂತೆಯೂ ಮಲಯಾಳದಂತೆಯೂ ಕೇಳುವ, ತನ್ನದೇ ಲಿಪಿಯಿಲ್ಲದ ಮಾತು ಅದು. ನಾವು ಹೊಸ್ತಿಲ ಹತ್ತಿರ ಕಾಣಿಸಿಕೊಂಡರೆ ಸಾಕು, ಅವರು ಥಟ್ಟನೆ ಕನ್ನಡಕ್ಕೆ ಹೊರಳುತ್ತಿದ್ದರು. ಮರ್ಯಾದೆಗೆ ಹಾಗೆ ಮಾಡುತ್ತಿದ್ದರು. ನನಗೋ ಮಿಠಾಯಿ ಡಬ್ಬಿ ಮುಚ್ಚಿಟ್ಟಷ್ಟು ಸಿಟ್ಟು.

ತೊಂಬತ್ತರ ದಶಕದ ಒಂದು ಆಷಾಢದಲ್ಲಿ ಆ ಬೀದಿಯ ಸಾವಿತ್ರಜ್ಜಿ, ಮಂಡಿನೋವು ಹೆಚ್ಚಾಯಿತೆಂದು, ತಮ್ಮ ಹಸು ಗೌರಿಯನ್ನೂ ಅದರ ಕರುವನ್ನೂ ನಮಗೆ ಕೊಟ್ಟರು. ಬಂದ ದಿನದಿಂದ ಗೌರಿ ಹಾಲಿಳಿಸಲಿಲ್ಲ. ಅವ್ವ ಬೂಸಾ ಕಲಸಿಟ್ಟಳು, ಬೆಲ್ಲ ತಿನ್ನಿಸಿದಳು, ಕೊನೆಗೆ ದೃಷ್ಟಿಯನ್ನೂ ತೆಗೆದಳು. ಗೌರಿ ಚೆಂಬು ಒದ್ದು ಬಾಗಿಲ ಕಡೆ ನೋಡುತ್ತಿತ್ತು.

"ವಾಪಸ್ ಒಡ್ಕಂಡೋಗಿ ಬುಟ್ಬುಡ್ತೀನಿ ಕಣಮ್ಮಿ," ಎಂದು ಅಪ್ಪ ಅವ್ವನ ಮೇಲೆ ರೇಗಿದ. ನನಗೆ ಅಳುವೇ ಬಂತು. ಅಷ್ಟರಲ್ಲಾಗಲೇ ಗೌರಿಯ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುವುದು ನನ್ನ ಕೆಲಸವಾಗಿಹೋಗಿತ್ತು.

ಸುದ್ದಿ ಕೇಳಿ ಸಾವಿತ್ರಜ್ಜಿ ಕುಂಟುತ್ತಲೇ ಬಂದರು. ಗಂಜಲದ ವಾಸನೆಯ ನಮ್ಮ ಕೊಟ್ಟಿಗೆಯಲ್ಲಿ ನಿಂತು, ಗೌರಿಯ ಬೆನ್ನ ಮೇಲೆ ಕೈಯಿಟ್ಟು, ಸಂಕೇತಿಯಲ್ಲಿ ಏನೇನೋ ಮಾತಾಡಿಸಿದರು. ಅವ್ವನ ಚೆಂಬಿಗೆ ಸೊರಸೊರನೆ ಹಾಲು ಬಿತ್ತು.

"ಅಯ್ಯೋ ರಾಮ, ಹೇಳೋದೇ ಮರೆತೆ!" ಎಂದರು ಅಜ್ಜಿ. "ಇದಕ್ಕೆ ನಮ್ಮ ಮಾತು ಬಿಟ್ಟು ಬೇರೆ ರೂಢಿಯೇ ಇಲ್ಲ ಕಣಮ್ಮ. ನಮ್ಮ ಯಜಮಾನರು ಹೋದ ಮೇಲೆ ನಾನು ಮಾತಾಡಿದ್ದೆಲ್ಲ ಇದರ ಜೊತೆಗೇ. ಸೊಸೆಗೆ ಬರೋಲ್ಲ. ಹಾಸನದಲ್ಲಿರೋ ಮಗನೂ ಮನೇಲಿ ಕನ್ನಡವೇ."

"ನಂಗೆ ಏಳ್ಕೊಡಿ ಅಜ್ಜಿ," ಎಂದೆ.

ಆ ಮಳೆಗಾಲವೆಲ್ಲ ಕುಂಟೆಬಿಲ್ಲೆ ಮೂಲೆ ಸೇರಿತು. ಸಂಜೆಯಾದರೆ ಅಜ್ಜಿ ಸೆರಗಿನಲ್ಲಿ ಕೋಡುಬಳೆ ಕಟ್ಟಿಕೊಂಡು ಕೊಟ್ಟಿಗೆಗೆ ಬರುತ್ತಿದ್ದರು. ಬಾ ಎನ್ನಲು 'ವಾ' ಎಂಬಲ್ಲಿಂದ ಶುರುವಾಗಿ, ಸಿಟ್ಟು ಮಾಡಬೇಡ ತಾಯಿ, ಕರುವಿಗಿಷ್ಟು ನಮಗಿಷ್ಟು ಕೊಡು ಎನ್ನುವವರೆಗೆ ಕಲಿತೆ. ನನ್ನ ರಾಗ ಕೇಳಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೌರಿ ದೊಡ್ಡ ಮನಸ್ಸು ಮಾಡಿ ಹಾಲು ಕೊಟ್ಟಿತು.

ಒಂದು ಸಂಜೆ ಅಜ್ಜಿ ಮೈಮರೆತು, ಗೌರಿಯನ್ನು ಬಿಟ್ಟು ನನ್ನನ್ನೇ ಊಟವಾಯಿತಾ ಎಂದು ಸಂಕೇತಿಯಲ್ಲಿ ಕೇಳಿದರು. ನಾನೂ ಮೈಮರೆತು ಅದರಲ್ಲೇ ಉತ್ತರ ಕೊಟ್ಟೆ. ಅಜ್ಜಿ ಕಣ್ಣೊರೆಸಿಕೊಂಡು, "ಇನ್ನೊಂದು ಸಲ ಹೇಳೇ," ಎಂದರು. ಹೇಳಿದೆ.

ನವರಾತ್ರಿ ಕಳೆದ ಮೇಲೆ ಮಗ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದ. ಹೊರಡುವ ಮುಂಚೆ ಅಜ್ಜಿ ಕೊಟ್ಟಿಗೆಗೆ ಬಂದು, "ದಿನಾ ಮಾತಾಡಿಸ್ತಿರು, ಬಿಡಬೇಡ," ಎಂದು ನನ್ನ ತಲೆ ಸವರಿದರು.

ಗೌರಿ ಇರುವ ತನಕ ಮಾತಾಡಿಸಿದೆ. ಈಗ ಗೌರಿಯೂ ಇಲ್ಲ, ಅಜ್ಜಿಯೂ ಇಲ್ಲ. ಆದರೆ ಆ ಮಾತನ್ನಾಡಲು ನಾಲಿಗೆ ಇವತ್ತಿಗೂ ತುಡಿಯುತ್ತದೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಆಡಿಕೊಳ್ಳುತ್ತೇನೆ. ಮಕ್ಕಳು ಕೇಳಿಸಿಕೊಂಡು, ಅಮ್ಮನಿಗೆ ಏನೋ ಆಗಿದೆ ಎಂದು ನಗುತ್ತಾರೆ.

ಈಚೆಗೆ ಹಾಸನದ ಮದುವೆಯೊಂದರಲ್ಲಿ ಸಾವಿತ್ರಜ್ಜಿಯ ಮೊಮ್ಮಗಳು ಸಿಕ್ಕಳು. ಖುಷಿಗೆ ಅವಳ ಕೈ ಹಿಡಿದು, ನಿನ್ನದು ಥೇಟು ನಿಮ್ಮಜ್ಜಿಯ ಮೂಗು ಎಂದು ಸಂಕೇತಿಯಲ್ಲೇ ಹೇಳಿದೆ. ಹುಡುಗಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು.

"ಸಾರಿ ಆಂಟಿ, ನಮ್ಮನೇಲಿ ಯಾರೂ ಸಂಕೇತಿ ಮಾತಾಡಲ್ಲ. ಏನಂದ್ರಿ?"

ಅವಳ ಅಜ್ಜಿಯ ಮಾತನ್ನು ನಾನು ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ.