ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಹೊಡೆಯದ ಗಂಟೆ

ಕರೆಂಟು ಹೋಗಬಹುದು. ಇಲಿ ವೈರು ಕಡಿಯಬಹುದು. ಹಲ್ಲಿ ಸ್ವಿಚ್ಚಿನೊಳಗೆ ಸೇರಿ ಸಾಯಬಹುದು. ಮಳೆನೀರು ಕಂಪ್ಯೂಟರಿನ ಮೇಲೆ ಸೋರಬಹುದು. ಮೇಷ್ಟ್ರ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ಎಲ್ಲವನ್ನೂ ತುಳಿಯಬಹುದು... ಹೋದ ವಾರ ಮೇಷ್ಟ್ರ ಫೋಟೋ ಒಂದಾದರೂ ಇದೆಯೇನೋ ಎಂದು ಟ್ರಂಕು ಕೆದಕಿದರೆ ಹಳೆಯ ಲ್ಯಾಬ್ ರೆಕಾರ್ಡು ಸಿಕ್ಕಿತು. ಅದರ ಕೊನೆಯ ಹಾಳೆಯಲ್ಲಿ, ನನ್ನದೇ ಕೋಳಿಗಾಲಿನ ಅಕ್ಷರದಲ್ಲಿ, ‘ಕೆಡಬಹುದಾದವು’ ಎಂಬ ತಲೆಬರಹದ ಕೆಳಗೆ ಹತ್ತೊಂಬತ್ತು ಸಂಗತಿಗಳು. ಎಮ್ಮೆಯ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಹಾಳೆಗೆ ಇನ್ನೂ ಹೊಗೆಸೊಪ್ಪಿನ ವಾಸನೆ. ಹತ್ತೊಂಬತ್ತರಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಸಂಗತಿ: ಪ್ರೋಗ್ರಾಮಿನ ಒಂದು ಆವರಣದೊಳಗೆ ‘ಡಬಲ್’ ಎಂದು ಬರೆಯಬೇಕಾದ ಕಡೆ ನಾನು ‘ಇಂಟ್’ ಎಂದು ಬರೆದಿದ್ದೆ.

ಮೇಷ್ಟ್ರು ಹುಣಸೂರಿನಲ್ಲಿ ನಮಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ರಾವಂದೂರು ಕಡೆಯವರು, ಊರಿನಲ್ಲಿ ತಂದೆ, ತಮ್ಮ, ಹೊಗೆಸೊಪ್ಪು ಬೇಯಿಸುವ ಒಂದು ಹಳೆಯ ಬ್ಯಾರನ್ನು. ಪುಸ್ತಕದಲ್ಲಿದ್ದ ಕಾರು, ಬ್ಯಾಂಕುಗಳ ಉದಾಹರಣೆ ಅವರಿಗೆ ಆಗುತ್ತಿರಲಿಲ್ಲ. ಮೆಥಡ್ ಓವರ್‌ಲೋಡಿಂಗ್ ಪಾಠದ ದಿನ ನನ್ನನ್ನೇ ಎಬ್ಬಿಸಿದ್ದರು.

“ಕಟ್ಟು ಅಂದ್ರೆ ಏನ್ ಮಾಡ್ತೀಯಲಾ?”

“ಏನನ್ನ ಸಾ?”

“ಆಂ! ಅದೇ ಕಣ್ಲಾ ಕೇಳ್ಬೇಕಾದ್ದು. ಎಮ್ಮೆ ಕೊಟ್ರೆ ಗೂಟಕ್ಕೆ ಕಟ್ತೀಯ, ಸೊಪ್ಪು ಕೊಟ್ರೆ ಕಡ್ಡಿಗೆ ಕಟ್ತೀಯ. ಹೆಸ್ರು ಒಂದೇ. ಕೈಗೆ ಏನ್ ಕೊಟ್ರು ಅನ್ನೋದ್ರ ಮೇಲೆ ಕೆಲ್ಸ.”

ಇನ್ಹೆರಿಟೆನ್ಸ್ ಇನ್ನೂ ಸುಲಭವಾಗಿತ್ತು. ಪ್ರೋಗ್ರಾಮಿನ ಒಂದು ತುಂಡಿಗೆ ಕ್ಲಾಸು ಎಂದು ಹೆಸರು, ಅದರೊಳಗಿನ ಒಂದೊಂದು ಕೆಲಸ ಮೆಥಡ್ಡು. ಅಪ್ಪನ ಕ್ಲಾಸಿನಲ್ಲಿರುವುದೆಲ್ಲ ಮಗನ ಕ್ಲಾಸಿಗೆ ತಾನಾಗಿ ಬರುತ್ತದೆ. “ಮಗ ತನ್ದು ಅಂತ ಬ್ಯಾರೆ ಏಳ್ದೆ ಇದ್ರೆ ಅಪ್ಪನ ಮಾತೇ ನಡ್ಯೋದು” ಎಂದು ನಕ್ಕಿದ್ದರು. ಬೇರೆ ಹೇಳುವುದಾದರೆ ಅಪ್ಪನ ಮೆಥಡ್ಡಿನ ಹೆಸರು, ಆವರಣ ಎರಡನ್ನೂ ಅಚ್ಚಿನಂತೆಯೇ ಬರೆಯಬೇಕು, ಮೇಲೊಂದು ‘ಓವರ್‌ರೈಡ್’ ಎಂಬ ಸಾಲು ಹಾಕಬೇಕು, ಆಗ ತಪ್ಪಿದ್ದರೆ ಕಂಪ್ಯೂಟರೇ ಬೈಯುತ್ತದೆ ಎಂದೂ ಹೇಳಿದ್ದರು. ಆ ಸಾಲನ್ನು ನಾನು ಮದುವೆ ಪತ್ರಿಕೆಯ ಮೇಲಿನ ‘ಶ್ರೀ’ಯಂತೆ ತಿಳಿದಿದ್ದೆ, ಇದ್ದರೆ ಲಕ್ಷಣ, ಇಲ್ಲದಿದ್ದರೆ ಮದುವೆಯೇನೂ ನಿಲ್ಲುವುದಿಲ್ಲ.

ಸೊಪ್ಪು ಬೇಯಿಸುವ ದಿನಗಳಲ್ಲಿ ಅವರ ತಂದೆ ಬ್ಯಾರನ್ ಬಿಟ್ಟು ಕದಲುತ್ತಿರಲಿಲ್ಲ. ಹೊರಗೋಡೆಗೆ ಅಂಗೈ ಇಟ್ಟೇ ಒಳಗಿನ ಕಾವು ಹೇಳುತ್ತಿದ್ದರು. ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವುದು ಆಮೇಲೆ. ಅದೂ ಥರ್ಮಾಮೀಟರ್ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು. ಆದರೆ ವಯಸ್ಸಾಗಿತ್ತು. ಮುದುಕರು ಒಂದಿಷ್ಟು ಮಲಗಲಿ ಎಂದು ಮೇಷ್ಟ್ರು ನನ್ನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಆರಿಸಿದರು: ಕಾವು ಮಿತಿ ದಾಟಿದರೆ ಗಂಟೆ ಹೊಡೆಯುವ ಪ್ರೋಗ್ರಾಂ. ಅಪ್ಪನ ಕ್ಲಾಸನ್ನು ಮೇಷ್ಟ್ರು ಬರೆದರು, ಹೊಸ ಬ್ಯಾರನ್ನುಗಳಿಗೆ ಹೊಂದುವ ಮಿತಿ ಇಟ್ಟು. ಅವರ ಮನೆಯ ಬ್ಯಾರನ್ನಿನಲ್ಲಿ ಒಲೆಯ ಕಾವು ಹರಿಯುವ ಕೊಳವೆಗಳು ತುಕ್ಕು ಹಿಡಿದಿದ್ದವು, ಅದಕ್ಕೆ ಮಿತಿ ಕಡಿಮೆ ಬೇಕಿತ್ತು. ಆ ಕಡಿಮೆ ಮಿತಿಯ ಮಗನ ಕ್ಲಾಸು ನನ್ನ ಪಾಲಿಗೆ ಬಂತು.

ನಾನು ಬರೆದ ಮೆಥಡ್ಡು ‘ಇಂಟ್’, ಅಂದರೆ ಪೂರ್ಣಾಂಕ ಮಾತ್ರ ತೆಗೆದುಕೊಳ್ಳುತ್ತಿತ್ತು. ಲ್ಯಾಬಿನಲ್ಲಿ ಕೀಲಿಮಣೆಯಿಂದ ಪೂರ್ಣಾಂಕಗಳನ್ನೇ ಒತ್ತಿ ಒತ್ತಿ ಪರೀಕ್ಷಿಸಿದೆ. ಒತ್ತಿದಾಗಲೆಲ್ಲ ಗಂಟೆ ಹೊಡೆಯಿತು. ಬ್ಯಾರನ್ನಿನೊಳಗೆ ಕಾವು ಅಳೆಯಲು ಇಟ್ಟ ಸೆನ್ಸರ್ ಕಳಿಸಿದ್ದು ‘ಡಬಲ್’, ಅಂದರೆ ದಶಾಂಶ. ದಶಾಂಶ ತೆಗೆದುಕೊಳ್ಳುವ ಮೆಥಡ್ಡು ಮಗನ ಬಳಿ ಇರಲಿಲ್ಲ, ಅಪ್ಪನ ಬಳಿ ಇತ್ತು. ಹೆಸರು ಎರಡಕ್ಕೂ ಒಂದೇ. ಆ ‘ಓವರ್‌ರೈಡ್’ ಸಾಲನ್ನು ನಾನು ಹಾಕಿರಲಿಲ್ಲವಾದ್ದರಿಂದ ಕಂಪ್ಯೂಟರು ಯಾರನ್ನೂ ಬೈಯದೆ ಅಪ್ಪನದನ್ನು ಕರೆದುಕೊಂಡು ಸುಮ್ಮನಾಯಿತು. ಓವರ್‌ರೈಡ್ ಮಾಡಿದೆ ಎಂದುಕೊಂಡು ನಾನು ಮಾಡಿದ್ದು ಓವರ್‌ಲೋಡ್.

ಬ್ಯಾರನ್ನಿನ ಒಲೆ ಹಚ್ಚಿದ ನಾಲ್ಕನೆಯ ದಿನ ಮಧ್ಯಾಹ್ನ ಮುದುಕರು ಉಂಡು ಹೊಂಗೆಮರದ ಕೆಳಗೆ ಮಲಗಿದರು. ಗಂಟೆ ಇದೆಯಲ್ಲ ಎಂದು ಗೋಡೆ ಮುಟ್ಟಲಿಲ್ಲ. ಕಾವು ಮಗನ ಮಿತಿ ದಾಟಿತು, ಅಪ್ಪನ ಮಿತಿ ದಾಟಲಿಲ್ಲ, ಗಂಟೆ ಹೊಡೆಯಲಿಲ್ಲ. ಒಣಗಿದ ಸೊಪ್ಪು ಕಾದ ಕೊಳವೆಯ ಮೇಲೆ ಉದುರಿ ಹತ್ತಿಕೊಂಡಿತು. ನಾಲ್ಕು ಕಡ್ಡಿ ಸೊಪ್ಪನ್ನಾದರೂ ಎಳೆಯೋಣವೆಂದು ಎಚ್ಚರಗೊಂಡ ಮುದುಕರು ಬಾಗಿಲು ತೆಗೆದು ಒಳಗೆ ನುಗ್ಗಿದರು... ಆಸ್ಪತ್ರೆಯಲ್ಲಿ ಇನ್ನೂ ಮೂರು ದಿನ ಉಸಿರಾಡಿದರು.

ಆ ಮೂರು ದಿನಗಳಲ್ಲೊಮ್ಮೆ ಮೇಷ್ಟ್ರು ಲ್ಯಾಬಿಗೆ ಬಂದು ಪ್ರೋಗ್ರಾಂ ತೆರೆದರು. ನಾನು ಹಿಂದೆ ನಿಂತಿದ್ದೆ. ಅವರ ಬೆರಳು ಪರದೆಯ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ತಿರುಗಿ ನೋಡಲಿಲ್ಲ.

“ಯಾರ್ಗೂ ಏಳ್ಬೇಡ. ನಾನು ನೋಡ್ಬೇಕಿತ್ತು. ನಿಂಗಿನ್ನೂ ಪರೀಕ್ಸೆ ಅದೆ.”

ಮನೆಯಲ್ಲಿ ಮೇಷ್ಟ್ರು ತಪ್ಪು ತನ್ನದೇ ಎಂದರು. ಹಿರಿಮಗನಾದರೂ ತಂದೆಗೆ ಮಣ್ಣು ಹಾಕುವಾಗ ಅವರನ್ನು ಎಲ್ಲರ ಹಿಂದೆ ನಿಲ್ಲಿಸಿದರು. ಆಮೇಲೆ ಅವರು ಊರಿನ ಕಡೆ ಹೋಗಲಿಲ್ಲ, ಹುಣಸೂರಿನ ಬಾಡಿಗೆ ಕೋಣೆಯಲ್ಲೇ ಉಳಿದರು. ನಾನು ಪಾಸಾದೆ. ಕೆ.ಆರ್. ನಗರದಲ್ಲಿ ಅದೇ ಪಾಠ ಹೇಳುವ ಮೇಷ್ಟ್ರೂ ಆದೆ. ಹಬ್ಬಕ್ಕೆ ಅವರನ್ನು ನೋಡಲು ಹೊರಟಾಗಲೆಲ್ಲ, ಈ ಸಲ ನಿಮ್ಮ ತಮ್ಮನಿಗೆ ನಾನೇ ನಿಜ ಹೇಳಿಬಿಡುತ್ತೇನೆ ಸಾರ್ ಎನ್ನಬೇಕು ಎಂದು ಬಸ್ಸಿನುದ್ದಕ್ಕೂ ಅಭ್ಯಾಸ ಮಾಡುತ್ತಿದ್ದೆ. ಬಾಳೆಹಣ್ಣು ಕೊಟ್ಟು ವಾಪಸು ಬರುತ್ತಿದ್ದೆ.

ಹದಿನೈದು ದಿನದ ಕೆಳಗೆ ಮೇಷ್ಟ್ರು ತೀರಿಕೊಂಡರು. ದೇಹವನ್ನು ಊರಿಗೆ ಒಯ್ದಿದ್ದರು. ಮೊನ್ನೆ ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ ಅವರ ತಮ್ಮ, ಈಗ ತಲೆಯೆಲ್ಲ ಬೆಳ್ಳಗಾದವರು, ನನ್ನ ಗುರುತು ಹಿಡಿದರು.

“ನಮ್ಮಣ್ಣನ ಸಿಸ್ಯರಲ್ವ? ನೀವೂ ಅದ್ನೇ ಕಲಿಸ್ತೀರಂತೆ. ಮಕ್ಳಿಗೆ ಸರ್ಯಾಗಿ ಕಲ್ಸಿ ಕಣ್ರೀ. ಅವ್ನು ಮಾಡ್ದ ಗಂಟೆ ನಮ್ಮಪ್ಪನ್ನ ತಿಂದ್ಕತ್ತು.”

ನಾನು ಬಾಯಿ ತೆರೆದೆ. ಇಂಟ್ ಎಂದೆ, ಡಬಲ್ ಎಂದೆ. ಅಪ್ಪನ ಕ್ಲಾಸು, ಮಗನ ಕ್ಲಾಸು, ದಶಾಂಶ, ಪೂರ್ಣಾಂಕ... ಬೆವರುತ್ತ ಹೇಳುತ್ತಲೇ ಹೋದೆ. ಅವರು ಸೌಟು ಹಿಡಿದುಕೊಂಡು ತಾಳ್ಮೆಯಿಂದ ಕೇಳಿದರು.

“ಅವೆಲ್ಲ ನಮ್ಗೆ ಗೊತ್ತಾಗಕಿಲ್ಲ ಬುಡಿ. ಗಂಟೆ ಒಡೀನಿಲ್ಲ, ಅಷ್ಟೇಯ. ಊಟ ಮಾಡಿ.”

ಅದನ್ನು ಬರೆದವನು ನಾನು ಎಂದಿದ್ದರೆ ಸಾಕಿತ್ತು. ಎಂಥ ದಡ್ಡನಿಗೂ ತಿಳಿಯುವ ಹಾಗೆ ಹೇಳಬೇಕೆಂದೇ ನನಗೆ ಸಂಬಳ. ಅವರು ಇನ್ನೊಂದು ಸೌಟು ಪಾಯಸ ಹಾಕಿದರು. ನಾನು ಉಂಡೆ, ಎಲೆ ಮಡಿಸಿ ಎದ್ದೆ, ಕೈ ತೊಳೆದು ಹೊಲದ ಕಡೆ ನಡೆದೆ. ಮುದುಕರ ಸಮಾಧಿ ಮಾವಿನಮರದ ಕೆಳಗಿತ್ತು. ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿಯಿತ್ತು. ಮೇಷ್ಟ್ರನ್ನು ಆಚೆ, ಬೇಲಿಯ ಅಂಚಿಗೆ ಮಣ್ಣು ಮಾಡಿದ್ದರು.